ಐದು ಬೆಳಗು, ಒಂಬತ್ತು ಎಣಿಕೆ

ಕೇಳುಗರಿಗೆ ನಮಸ್ಕಾರ.

ನಾನು ಇಪ್ಪತ್ತಾರು ವರ್ಷಗಳಿಂದ ಬ್ಯಾಂಕಿನಲ್ಲಿದ್ದೇನೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ನಗದು ಕೌಂಟರಿನ ಗಾಜಿನ ಹಿಂದೆ. ಎಣಿಸುವುದು ನನ್ನ ಉದ್ಯೋಗ. ಈಗ ನೋಟು ಎಣಿಸಲು ಯಂತ್ರ ಬಂದಿದೆ. ಆದರೂ ಒದ್ದೆ ಸ್ಪಂಜಿಗೆ ಹೆಬ್ಬೆರಳು ಒತ್ತಿ, ನೂರು ನೋಟನ್ನು ಕೈಯಾರೆ ಒಮ್ಮೆ ಎಣಿಸದೆ ಕಟ್ಟನ್ನು ಒಳಗಿಡಲು ಮನಸ್ಸು ಒಪ್ಪುವುದಿಲ್ಲ. ಹೀಗೆ ಎಣಿಸಿ ಎಣಿಸಿ ಕತ್ತು ಮುಂದಕ್ಕೆ ಬಾಗಿತು, ಬಲಭುಜ ಕಲ್ಲಿನಂತಾಯಿತು, ಸೊಂಟದ ನೋವು ನಿತ್ಯದ ಸಂಗಾತಿಯಾಯಿತು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು ಆಸನ ಹಾಕಲು ಹೋಗಿ, ತೊಡೆಯ ಹಿಂಭಾಗದ ಸ್ನಾಯು ಎಳೆದು ಮೂರು ವಾರ ಕುಂಟಿದ್ದೂ ಆಯಿತು. ಆಮೇಲೆಯೇ, ಎದುರಿಗೆ ಗುರು ಇಲ್ಲದೆ ಇದು ನಡೆಯುವ ವಿದ್ಯೆಯಲ್ಲ ಎಂದು ತೀರ್ಮಾನಿಸಿ, ಡಿಸೆಂಬರಿನಲ್ಲಿ ರಜೆ ಹಾಕಿ ಮೈಸೂರಿಗೆ ಹೋದೆ. ಭಾನುವಾರದಿಂದ ಗುರುವಾರದವರೆಗೆ ಐದು ದಿನಗಳ ಯೋಗ ಶಿಬಿರ. ಬೆಳಿಗ್ಗೆ ವಿನ್ಯಾಸ, ಅಂದರೆ ಉಸಿರಿನ ಎಣಿಕೆಗೆ ಹೊಂದಿಸಿ ಆಸನ ಮಾಡುವುದು; ಸಂಜೆ ಪ್ರಾಣಾಯಾಮ; ಕೊನೆಯ ಎರಡು ದಿನ ಸ್ವಾಭ್ಯಾಸ.

ಸರಸ್ವತಿಪುರಂನಲ್ಲಿರುವ ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದೆ. ಧನುರ್ಮಾಸ. ಬೆಳಗಿನ ಐದು ಗಂಟೆಗೆ ಶಾಲು ಹೊದ್ದು ಹೊರಟರೆ ದೇವಸ್ಥಾನದ ಧ್ವನಿವರ್ಧಕ ಆಗಲೇ ಎದ್ದಿರುತ್ತಿತ್ತು, ಹುಗ್ಗಿಯ ತುಪ್ಪದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಆದರೆ ಹೊಟ್ಟೆ ಖಾಲಿ ಇರಬೇಕೆಂಬುದು ಶಿಬಿರದ ಮೊದಲ ನಿಯಮ. ಹುಗ್ಗಿ ಏನಿದ್ದರೂ ಅಭ್ಯಾಸ ಮುಗಿದ ಮೇಲೆ, ಬರುವ ದಾರಿಯಲ್ಲಿ, ದೊನ್ನೆಯಲ್ಲಿ.

ಒಂದು ಹಳೆಯ ಮನೆಯ ಹಜಾರ. ಕೆಂಪು ಗಾರೆಯ ನೆಲದ ಮೇಲೆ ಹದಿನಾಲ್ಕು ಹತ್ತಿ ಜಮಖಾನ. ನನ್ನ ಎಡಕ್ಕೆ ಇಂಜಿನಿಯರಿಂಗ್ ಓದುವ ಹುಡುಗಿ. ಬಲಕ್ಕೆ ಎಪ್ಪತ್ತು ದಾಟಿದ ನಿವೃತ್ತ ರೈಲ್ವೆ ನೌಕರರೊಬ್ಬರು. ಅವರ ಜಮಖಾನದ ಮೇಲೆ ಮರದ ಕುರ್ಚಿಯೊಂದಿತ್ತು. ಯಾಕೆಂದು ಆಗ ಗೊತ್ತಾಗಲಿಲ್ಲ.

ಮೊದಲ ದಿನ ತೊಂಬತ್ತು ನಿಮಿಷ ನಾವು ಮಾಡಿದ್ದು ಸೂರ್ಯನಮಸ್ಕಾರ ಮಾತ್ರ. ಅದೂ ಮೊದಲ ಬಗೆಯದು, ಒಂಬತ್ತು ಎಣಿಕೆಯದು. ಗುರುಗಳು ಎಣಿಸುತ್ತಿದ್ದರು. 'ಏಕಂ' ಎಂದಾಗ ಉಸಿರು ಒಳಕ್ಕೆ, ಕೈಗಳು ಮೇಲಕ್ಕೆ. 'ದ್ವೇ' ಎಂದಾಗ ಉಸಿರು ಹೊರಕ್ಕೆ, ಮುಂದಕ್ಕೆ ಬಾಗುವುದು. 'ತ್ರೀಣಿ', ತಲೆ ಎತ್ತಿ ಪೂರಕ, ಅಂದರೆ ಉಸಿರು ಒಳಕ್ಕೆ. 'ಚತ್ವಾರಿ', ಕಾಲು ಹಿಂದಕ್ಕೆ ಹಾಕಿ, ಮೊಣಕೈ ಮಡಿಸಿ, ಮೈಯನ್ನು ನೆಲದ ಮಟ್ಟಕ್ಕೆ ಇಳಿಸುತ್ತ ರೇಚಕ, ಅಂದರೆ ಉಸಿರು ಹೊರಕ್ಕೆ. 'ಪಂಚ', ಎದೆ ಮೇಲಕ್ಕೆತ್ತಿ ಪೂರಕ. 'ಷಟ್', ಸೊಂಟ ಮೇಲೆತ್ತಿ, ಹಿಮ್ಮಡಿ ನೆಲದ ಕಡೆಗೆ ಒತ್ತಿ ರೇಚಕ; ಅಲ್ಲೇ ಐದು ಉಸಿರು ನಿಲ್ಲುವುದು. 'ಸಪ್ತ', 'ಅಷ್ಟೌ', 'ನವ' ಬಂದ ದಾರಿಯಲ್ಲಿ ಹಿಂದಿರುಗಿ ಸಮಸ್ಥಿತಿಗೆ, ಅಂದರೆ ಪಾದ ಜೋಡಿಸಿ ನೆಟ್ಟಗೆ ನಿಲ್ಲುವ ಸ್ಥಿತಿಗೆ, ತಲುಪಿಸುತ್ತವೆ.

ಮಾಡಿದವರಿಗೆ ಗೊತ್ತು, ಇದರಲ್ಲಿ ಕಷ್ಟವಿರುವುದು ಕೈಕಾಲಿನಲ್ಲಿ ಅಲ್ಲ. ಚಲನೆ ಉಸಿರಿನ ಜೊತೆಗೇ ಶುರುವಾಗಬೇಕು, ಜೊತೆಗೇ ಮುಗಿಯಬೇಕು. ನನ್ನ ಕೈಗಳು ಅರ್ಧ ಎಣಿಕೆ ಮೊದಲೇ ಮೇಲೆ ಹೋಗಿ, ಉಸಿರಿಗಾಗಿ ಅಲ್ಲಿ ಕಾಯುತ್ತಿದ್ದವು. ಮೂರನೆಯ ಸುತ್ತಿನಲ್ಲಿ ಗುರುಗಳು ಹತ್ತಿರ ಬಂದು ನನ್ನ ಪಕ್ಕೆಲುಬಿನ ಮೇಲೆ ಎರಡು ಬೆರಳಿಟ್ಟು, "ಅಮ್ಮಾ, ಬಾಗುವಾಗ ಉಸಿರು ಬಿಡುತ್ತಿಲ್ಲ, ಹಿಡಿಯುತ್ತಿದ್ದೀರಿ" ಎಂದರು.

ಆ ಮಾತು ನನ್ನನ್ನು ಕೌಂಟರಿನವರೆಗೂ ಹಿಂಬಾಲಿಸಿತು. ಶಿಬಿರ ಮುಗಿಸಿ ಹೋದ ಮೊದಲ ದಿನ ಗಮನಿಸಿದೆ: ನೋಟಿನ ಕಟ್ಟು ಕೈಗೆ ಬಂದ ಕೂಡಲೇ ನನ್ನ ಉಸಿರು ನಿಲ್ಲುತ್ತದೆ. ಲೆಕ್ಕ ತಪ್ಪೀತೆಂಬ ಭಯಕ್ಕೆ ಎದೆ ಬಿಗಿಯುತ್ತದೆ, ನೂರು ಮುಗಿದ ಮೇಲೆ ನಿಟ್ಟುಸಿರು. ದಿನಕ್ಕೆ ಎಷ್ಟು ಕಟ್ಟು, ಎಷ್ಟು ವರ್ಷ! ಸೊಂಟನೋವಿಗೆ ಕುರ್ಚಿಯನ್ನು ದೂರುತ್ತಿದ್ದೆ. ಉಸಿರನ್ನು ಕಟ್ಟಿಹಾಕುವ ಎಣಿಕೆಯೊಂದೇ ನನಗೆ ಗೊತ್ತಿತ್ತು. ಉಸಿರನ್ನು ನಡೆಸುವ ಎಣಿಕೆಯೂ ಇದೆ ಎಂದು ತಿಳಿಯಲು ಐವತ್ತೆರಡು ವರ್ಷ ಬೇಕಾಯಿತು.

ವಿನ್ಯಾಸ ಎಂದರೆ ನಮಗೆ ಈಗ ನೆನಪಾಗುವುದು ಮನೆಯ ವಿನ್ಯಾಸ, ಮುಖಪುಟದ ವಿನ್ಯಾಸ. ಮೂಲದಲ್ಲಿ 'ನ್ಯಾಸ' ಎಂದರೆ ಇಡುವುದು. 'ವಿ' ಸೇರಿದರೆ ವಿಶೇಷವಾಗಿ, ಒಂದು ಕ್ರಮದಲ್ಲಿ ಇಡುವುದು. ಯೋಗದಲ್ಲಿ ಹೀಗೆ ಇಡುವುದು ಹೆಜ್ಜೆಯನ್ನು, ಕೈಯನ್ನು, ನೋಟವನ್ನು, ಎಲ್ಲವನ್ನೂ ಉಸಿರಿನ ಮೇಲೆ.

ಈ ಎಣಿಕೆ ಎಲ್ಲಿಂದ ಬಂತು ಎನ್ನುವ ಸಂಗತಿಯನ್ನು ನಾನು ಬಹಳ ಅಭಿಮಾನದಿಂದ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ನೆಲದ ಕಥೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿಗೆ ಬರಮಾಡಿಕೊಂಡರು. ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷವೇ ಅವರ 'ಯೋಗ ಮಕರಂದ' ಪ್ರಕಟವಾಯಿತು. ಜಗತ್ತಿನ ಯೋಗಾಭ್ಯಾಸಿಗಳು ಇಂದಿಗೂ ಅನುವಾದದಲ್ಲಿ ಓದುವ ಆ ಪುಸ್ತಕವನ್ನು ಅವರು ಬರೆದದ್ದು ಕನ್ನಡದಲ್ಲಿ. 1938ರಲ್ಲಿ ಮೈಸೂರಿನಲ್ಲಿ ತೆಗೆದ ಕಪ್ಪುಬಿಳುಪು ಮೂಕಚಿತ್ರವೊಂದು ಉಳಿದಿದೆ. ಅದರಲ್ಲಿ ಅವರ ಪತ್ನಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಆಸನ ಮಾಡುತ್ತಾರೆ. ಅದನ್ನು ನೋಡುವಾಗ ನನಗೆ ಕಣ್ಣು ತುಂಬಿತ್ತು.

ಇದೇ ಮೈಸೂರಿನಲ್ಲಿ, ಇದೇ ಕಾಲದಲ್ಲಿ, 1935ರಲ್ಲಿ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಉಸಿರಿನ ವಿದ್ಯೆಗೂ ದನಿಯ ವಿದ್ಯೆಗೂ ಒಂದೇ ಊರು ಆಶ್ರಯ ಕೊಟ್ಟಿತ್ತು ಎಂಬುದನ್ನು ಬಾನುಲಿಯಲ್ಲೇ ಹೇಳುವ ಭಾಗ್ಯ ನನ್ನದಾಯಿತು.

ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಿಂದ ಬಂದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಹೆಸರು ಎಲ್ಲರಿಗೂ ಗೊತ್ತು. ವಿನ್ಯಾಸದ ಎಣಿಕೆಯನ್ನು ಮುಂದಕ್ಕೆ ಒಯ್ದವರು ಹಾಸನದ ಬಳಿಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸ್. 1927ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಅವರ ಶಿಷ್ಯರಾದವರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ದಶಕಗಳ ಕಾಲ ಯೋಗ ಕಲಿಸಿದರು, ಲಕ್ಷ್ಮೀಪುರಂನ ಮನೆಯಲ್ಲೂ ಕಲಿಸಿದರು. 1964ರಲ್ಲಿ ಬೆಲ್ಜಿಯಂನಿಂದ ಒಬ್ಬರು ಹುಡುಕಿಕೊಂಡು ಬಂದರು, ಆಮೇಲೆ ಅಮೆರಿಕದವರು ಬಂದರು. ಇವತ್ತು ಲಂಡನ್ನಿನಲ್ಲಿ, ಟೋಕಿಯೊದಲ್ಲಿ ಬೆಳಗಿನ ಒಂದು ಬಗೆಯ ಯೋಗ ತರಗತಿಯ ಹೆಸರೇ 'ಮೈಸೂರು'. ಅಲ್ಲಿ ಯಾರೂ ಎದುರಿಗೆ ನಿಂತು ಹೇಳಿಕೊಡುವುದಿಲ್ಲ. ಪ್ರತಿಯೊಬ್ಬರೂ ತಮಗೆ ಕೊಟ್ಟ ಪಾಠವನ್ನು ತಮ್ಮ ಉಸಿರಿನ ವೇಗದಲ್ಲಿ ತಾವೇ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ಒಬ್ಬರಿಗೆ ಭುಜ ಸರಿಪಡಿಸುತ್ತಾರೆ, ಇನ್ನೊಬ್ಬರಿಗೆ ಮುಂದಿನ ಆಸನ ಕೊಡುತ್ತಾರೆ. ಕೈಯಲ್ಲಿರುವ ಆಸನ ನೆಲೆಗೊಳ್ಳದೆ ಮುಂದಿನದು ಸಿಗುವುದಿಲ್ಲ. ನಾನು ಮೈಸೂರಿನಿಂದ ನಲವತ್ತೈದು ಕಿಲೋಮೀಟರ್ ದೂರದ ಮಂಡ್ಯದವಳು. ಈ ವಿಷಯ ತಿಳಿದದ್ದು ಶಿಬಿರಕ್ಕೆ ಹೋದ ಮೇಲೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅರಮನೆಯ ಯೋಗಶಾಲೆಯಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಚುರುಕಿನ ಹುಡುಗರು. ಅವರಿಗೆ ಹಾರಿ ಹಿಂದೆ ಹೋಗುವುದು, ಹಾರಿ ಮುಂದೆ ಬರುವುದು ಆಟ. ಸೊಂಟ ಹಿಡಿದ ನನ್ನಂಥವರು ಹಾಗೆ ಹಾರಬೇಕಾಗಿಲ್ಲ. ಒಂದೊಂದೇ ಕಾಲನ್ನು ಹಿಂದಕ್ಕೆ ಇಟ್ಟರೂ ಎಣಿಕೆ ತಪ್ಪುವುದಿಲ್ಲ. ಕೃಷ್ಣಮಾಚಾರ್ಯರೇ ಮುಂದೆ ಮದರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಕಾಯಿಲೆ, ಶಕ್ತಿ ನೋಡಿ ಬೇರೆ ಬೇರೆ ಪಾಠ ಕೊಟ್ಟರು. ನಮ್ಮ ಬಲಪಕ್ಕದ ಹಿರಿಯರ ಕುರ್ಚಿಯ ಗುಟ್ಟು ಎರಡನೆಯ ದಿನ ತಿಳಿಯಿತು. ಅವರಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿತ್ತು. ಕುರ್ಚಿಯ ಮೇಲೆ ಕುಳಿತು 'ಏಕಂ' ಎಂದಾಗ ಕೈ ಎತ್ತುತ್ತಿದ್ದರು, 'ದ್ವೇ' ಎಂದಾಗ ತೊಡೆಯ ಮೇಲೆ ಬಾಗುತ್ತಿದ್ದರು, 'ಷಟ್' ಬಂದಾಗ ಕುರ್ಚಿಯ ಬೆನ್ನಿಗೆ ಕೈಕೊಟ್ಟು ನಿಲ್ಲುತ್ತಿದ್ದರು. ಇಡೀ ಹಜಾರದಲ್ಲಿ ಉಸಿರಿಗೂ ಚಲನೆಗೂ ಕೂದಲೆಳೆಯ ಅಂತರವೂ ಇಲ್ಲದಂತೆ ಮಾಡುತ್ತಿದ್ದವರು ಅವರೊಬ್ಬರೇ.

ಸಂಜೆಯ ಪ್ರಾಣಾಯಾಮದ ಪಾಠ ತೀರಾ ಮೆದು. ಮೊದಲ ಸಂಜೆ ಗುರುಗಳು ಕೇಳಿದರು, ನಿಮಿಷಕ್ಕೆ ಎಷ್ಟು ಉಸಿರು ಎಂದು. ಗಡಿಯಾರ ನೋಡಿ ಎಣಿಸಿದೆವು. ವಿಶ್ರಾಂತಿಯಲ್ಲಿರುವ ಆರೋಗ್ಯವಂತರಿಗೆ ಸಾಮಾನ್ಯವಾಗಿ 12ರಿಂದ 20. ನನಗೆ 19 ಬಂತು. ನಿಮಿಷಕ್ಕೆ 15ರಂತೆ ದಿನಕ್ಕೆ 21,600 ಆಗುತ್ತದೆ. ನಮ್ಮ ಹಳೆಯ ಯೋಗಶಾಸ್ತ್ರ ಹೇಳುವ ದಿನದ ಉಸಿರಿನ ಸಂಖ್ಯೆಯೂ ಸರಿಯಾಗಿ ಅದೇ. ಲೆಕ್ಕದವಳಾದ ನನಗೆ ಅದು ರೋಮಾಂಚನದ ಕ್ಷಣ.

ಆಮೇಲೆ ನಾಡಿಶೋಧನ. ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ, ಹೆಬ್ಬೆರಳಿನಿಂದ ಬಲಹೊಳ್ಳೆಯನ್ನೂ ಉಂಗುರದ ಬೆರಳಿನಿಂದ ಎಡಹೊಳ್ಳೆಯನ್ನೂ ಮುಚ್ಚುವುದು. ಎಡದಿಂದ ನಾಲ್ಕು ಎಣಿಕೆ ಒಳಕ್ಕೆ, ಬಲದಿಂದ ಆರು ಎಣಿಕೆ ಹೊರಕ್ಕೆ. ಬಲದಿಂದ ಒಳಕ್ಕೆ, ಎಡದಿಂದ ಹೊರಕ್ಕೆ. ಕುಂಭಕ, ಅಂದರೆ ಉಸಿರು ಹಿಡಿಯುವುದನ್ನು, ನಮಗೆ ಕೊಡಲೇ ಇಲ್ಲ. ಅದಕ್ಕೆ ವರ್ಷಗಳ ಅಭ್ಯಾಸ ಬೇಕು ಎಂದರು. ದೇವರ ಮನೆಯಿಂದ ಒಂದು ಹೂಬತ್ತಿ ತಂದು, ಬಿಡಿಸಿ, ಹತ್ತಿಯ ಎಳೆಯೊಂದನ್ನು ಅಂಗೈ ಮೇಲಿಟ್ಟು ಮೂಗಿನ ಮುಂದೆ ಹಿಡಿಯಲು ಹೇಳಿದರು. ಉಸಿರು ಬಿಟ್ಟಾಗ ಆ ಎಳೆ ಅಲುಗಬಾರದು. ಮೊದಲ ದಿನ ನನ್ನದು ಹಾರಿ ಪಕ್ಕದ ಹುಡುಗಿಯ ಮಡಿಲಿಗೆ ಬಿತ್ತು. ಮೂರನೆಯ ಸಂಜೆ ಅದು ನಡುಗಿತು, ಆದರೆ ಅಂಗೈ ಬಿಟ್ಟು ಹೋಗಲಿಲ್ಲ. ಉಸಿರು ಇಷ್ಟು ತೆಳುವಾಗಬಲ್ಲದು, ಹೀಗೆ ತೆಳುವಾದಾಗ ತಲೆಯೊಳಗಿನ ಗದ್ದಲವೂ ತಗ್ಗುತ್ತದೆ ಎಂಬುದನ್ನು ಯಾರಾದರೂ ಬಾಯಲ್ಲಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುಮೂಳೆಯ ಡಿಸ್ಕಿನ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬೇಡಿ. ಶಿಬಿರ ಸೇರುವಾಗಲೇ ಗುರುಗಳಿಗೆ ಎಲ್ಲವನ್ನೂ ತಿಳಿಸಿ.

ನಾಲ್ಕನೆಯ ದಿನ, ಬುಧವಾರ. ಎಂದಿನಂತೆ ಸಮಸ್ಥಿತಿಯಲ್ಲಿ ನಿಂತೆವು, 'ಏಕಂ'ಗೆ ಕಾದೆವು. ಗುರುಗಳು ಬಾಯಿ ತೆರೆಯಲಿಲ್ಲ. ಕಿಟಕಿಯ ಪಕ್ಕ ಹೋಗಿ ಕುಳಿತರು. ಒಂದು ನಿಮಿಷ ಯಾರೂ ಅಲುಗಲಿಲ್ಲ. ಆಮೇಲೆ ಬಲಗಡೆಯಿಂದ ಸಣ್ಣ ಸದ್ದು, ಕುರ್ಚಿಯ ಮೇಲಿನ ಹಿರಿಯರ ಪೂರಕ. ಒಬ್ಬೊಬ್ಬರಾಗಿ ಶುರುಮಾಡಿದೆವು. ಹದಿನಾಲ್ಕು ಜನರ ಉಸಿರು ಹದಿನಾಲ್ಕು ಬಗೆ, ಒಬ್ಬರದು ಏರುವಾಗ ಇನ್ನೊಬ್ಬರದು ಇಳಿಯುತ್ತಿತ್ತು, ಮುಚ್ಚಿದ ಹಜಾರದಲ್ಲಿ ಗದ್ದೆಯ ಮೇಲಿನ ಗಾಳಿಯಂತೆ. ನಿಂತು ಮಾಡುವ ಆಸನಗಳಲ್ಲಿ ತ್ರಿಕೋನಾಸನದವರೆಗೆ ಸರಾಗವಾಗಿ ಬಂದೆ. ಮುಂದಿನದು ಮರೆತೇಹೋಯಿತು. ಪಕ್ಕದವರನ್ನು ನೋಡೋಣವೆಂದರೆ ಹುಡುಗಿ ಆಗಲೇ ಎಲ್ಲೋ ಮುಂದಿದ್ದಳು. ಗುರುಗಳತ್ತ ನೋಡಿದೆ. ಅವರು ನೋಡಿದರು, ಹೇಳಲಿಲ್ಲ. ಮೈ ಬಿಸಿಯಾಯಿತು, ನೋಟಿನ ಲೆಕ್ಕ ತಪ್ಪಿದಾಗ ಆಗುವಂತೆಯೇ. ಸಮಸ್ಥಿತಿಗೆ ಮರಳಿ ಸುಮ್ಮನೆ ನಿಂತೆ. ನಾಲ್ಕೈದು ಉಸಿರು ಕಳೆದ ಮೇಲೆ, ಯೋಚಿಸದೆಯೇ, ಬಲಗಾಲು ಅಗಲಕ್ಕೆ ಹೋಯಿತು, ಮಂಡಿ ಮಡಿಯಿತು. ಪಾರ್ಶ್ವಕೋನಾಸನ! ಕಾಲಿಗೆ ನೆನಪಿತ್ತು.

ಶವಾಸನದಿಂದ ಎದ್ದಾಗ ಜಮಖಾನದಲ್ಲಿ ನನ್ನ ಬೆನ್ನಿನ ಆಕಾರಕ್ಕೆ ಬೆವರು ಇಳಿದಿತ್ತು. ಗುರುಗಳು ಹೇಳಿದ್ದು ಇಷ್ಟೇ: "ಇವತ್ತು ನೀವು ಶಿಬಿರಕ್ಕೆ ಬಂದಿರಿ. ಮೂರು ದಿನ ನಾನು ಬಂದಿದ್ದೆ."

ಐದನೆಯ ದಿನ ಪ್ರತಿಯೊಬ್ಬರಿಗೂ ಅವರವರ ಪಾಠ ಬರೆದುಕೊಟ್ಟರು. ನನ್ನ ಚೀಟಿಯಲ್ಲಿ ಐದು ಸೂರ್ಯನಮಸ್ಕಾರ, ನಾಲ್ಕು ನಿಂತ ಆಸನ, ಪಶ್ಚಿಮೋತ್ತಾನ, ಹತ್ತು ಸುತ್ತು ನಾಡಿಶೋಧನ, ಶವಾಸನ. ಮೂವತ್ತೈದು ನಿಮಿಷ. ಶನಿವಾರ, ಹುಣ್ಣಿಮೆ, ಅಮಾವಾಸ್ಯೆ ಬಿಡುವು.

ಮಂಡ್ಯದ ನಮ್ಮ ಮನೆಯಲ್ಲಿ ಅಡುಗೆಮನೆಗೂ ದೇವರ ಮನೆಗೂ ನಡುವೆ ಒಂದು ಜಮಖಾನದಷ್ಟೇ ಜಾಗವಿದೆ. ಮೊದಲ ವಾರ ಕುಕ್ಕರಿನ ಸೀಟಿಗೆ ಎಣಿಕೆ ತಪ್ಪಿತು, ಹಾಲಿನವನ ಗಂಟೆಗೆ ತಪ್ಪಿತು. ಎರಡು ಬೆಳಗು ಏಳಲೇ ಇಲ್ಲ. ಮೂರನೆಯ ವಾರದ ಹೊತ್ತಿಗೆ ಕುಕ್ಕರು ಕೂಗಿದರೂ 'ಪಂಚ' ಮುಗಿದು 'ಷಟ್' ಬರುತ್ತಿತ್ತು. ಕೌಂಟರಿನಲ್ಲಿ ಈಗ ಕಟ್ಟು ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಉಸಿರು ಬಿಡುತ್ತೇನೆ. ಭುಜ ಪೂರ್ತಿ ಸಡಿಲವಾಗಿದೆ ಎನ್ನಲಾರೆ. ಆದರೆ ಸಂಜೆ ಬಸ್ಸಿನಲ್ಲಿ ನಿಂತು ಬರಬಲ್ಲೆ.

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು. ದೇವರ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತ ತಿಂಗಳುಗಟ್ಟಲೆ ನನ್ನನ್ನು ನೋಡುತ್ತಿದ್ದರು. ಹೋದ ಸೋಮವಾರ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, "ಸ್ವಲ್ಪ ತಡಿಯಮ್ಮ, ನಾನೂ ಬರುತ್ತೇನೆ" ಎಂದರು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಸೆರಗು ಸಿಕ್ಕಿಸಿಕೊಂಡು, ನನಗಿಂತ ಮೊದಲು, ಗಟ್ಟಿಯಾಗಿ, ಅವರೇ ಹೇಳಿದರು: "ಏಕಂ."

ನಮಸ್ಕಾರ.