ಕೊಳಕ್ಕೆ ನಿನ್ನೆಯ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ದೀಪಾವಳಿಯ ನೀರು ತುಂಬುವ ಹಬ್ಬ ನಿಮಗೆಲ್ಲ ಗೊತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆ ತೊಳೆಯುತ್ತೇವೆ. ಹಂಡೆಗೆ ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜುತ್ತೇವೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಹೊಸ ನೀರು ತುಂಬುತ್ತೇವೆ. ಆ ದಿನ ಕೊಡ, ಬಿಂದಿಗೆ, ತೊಟ್ಟಿ ಯಾವುದರಲ್ಲೂ ಹಳೆ ನೀರು ಉಳಿಯಬಾರದು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಸಂಜೆ ನಾನು ನಮ್ಮ ಹಿತ್ತಲಿನ ಮೀನಿನ ಕೊಳಕ್ಕೂ ಹೊಸ ನೀರು ತುಂಬಿದೆ.

ಕೊಳ ಅಂದರೆ ದೊಡ್ಡದೇನಲ್ಲ. ಸಿಮೆಂಟಿನ ತೊಟ್ಟಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಅದರಲ್ಲಿ 14 ಗೋಲ್ಡ್ ಫಿಶ್ ಇದ್ದವು. "ಎಲ್ಲಾ ತೊಳೀತಿದ್ದೀಯಲ್ಲ, ಅದನ್ನೂ ತೊಳೆದುಬಿಡು. ಪಾಪ, ಅವಕ್ಕೂ ಹಬ್ಬ ಅಲ್ವಾ" ಎಂದರು ಅಮ್ಮ. ನನಗೂ ಸರಿ ಅನ್ನಿಸಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿದೆ. ನೀರನ್ನೆಲ್ಲ ಹೊರಗೆ ಬಿಟ್ಟೆ. ಗೋಡೆಗೆ ಅಂಟಿದ್ದ ಜಾರು ಲೋಳೆಯನ್ನು ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ತೆಗೆದೆ. ಆಮೇಲೆ ನಲ್ಲಿಗೆ ಪೈಪ್ ಹಾಕಿ ತುಂಬಿಸಿದೆ. ತಳದ ಕಲ್ಲು ಒಂದೊಂದೂ ಕಾಣುವಷ್ಟು ತಿಳಿಯಾದ ನೀರು. ಮೀನು ಬಿಟ್ಟು, ಕೊಳದ ಕಟ್ಟೆಯ ಮೇಲೆ ಎರಡು ಹಣತೆ ಇಟ್ಟೆ.

ರಾತ್ರಿ ಎಂಟರ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಗಾಳಿ ಸಾಲದು ಅಂದುಕೊಂಡು ಮತ್ತೆ ನಲ್ಲಿ ಬಿಟ್ಟೆ. ನೀರು ಮೇಲಿಂದ ಬಿದ್ದರೆ ಗಾಳಿ ಸೇರುತ್ತದೆ ಅನ್ನುವ ಲೆಕ್ಕ ನನ್ನದು. ಬೆಳಿಗ್ಗೆ ಎಣ್ಣೆ ಸ್ನಾನದ ಹೊತ್ತಿಗೆ ಒಂಬತ್ತು ಮೀನು ತೇಲುತ್ತಿದ್ದವು. ಅಮ್ಮ ಎಣ್ಣೆ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಕೊಳದ ಹತ್ತಿರ ತುಂಬ ಹೊತ್ತು ನಿಂತಿದ್ದರು.

ಆ ಬೆಳಿಗ್ಗೆಯಿಂದ ನಾನು ಕೇಳಿ, ಓದಿ, ಮಾಡಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಮನೆಯಲ್ಲಿ ಒಂದು ಸಣ್ಣ ಮೀನಿನ ತೊಟ್ಟಿ ಇದ್ದರೂ ಇದು ನಿಮಗೆ ಬೇಕಾಗುವ ಮಾತು.

ನಮ್ಮದು ಮೈಸೂರು. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ ಕಾವೇರಿ ನೀರು ಬರುತ್ತದೆ, ಬಿದರಗೂಡಿನಿಂದ ಕಬಿನಿ ನೀರು ಬರುತ್ತದೆ. ಹೊಳೆಯ ನೀರನ್ನು ಹಾಗೇ ಕುಡಿಯುವಂತಿಲ್ಲ. ಸೋಸಿ, ಕ್ಲೋರಿನ್ ಬೆರೆಸಿ ಕಳಿಸುತ್ತಾರೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ, ಮನೆಯ ನಲ್ಲಿಗೆ ಬರುವಾಗಲೂ ಒಂದು ಲೀಟರಿನಲ್ಲಿ ಕಡಿಮೆ ಅಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಾಲರಾ, ಟೈಫಾಯ್ಡ್ ನಮ್ಮಿಂದ ದೂರ ಇರುವುದರಲ್ಲಿ ಈ ಚೂರು ಕ್ಲೋರಿನ್ನಿನ ಪಾಲು ದೊಡ್ಡದು. ಅದನ್ನು ಬೈಯಲು ನಾನು ಬಂದಿಲ್ಲ.

ಆದರೆ ನಾವು ನೀರನ್ನು ಕುಡಿಯುತ್ತೇವೆ. ಮೀನು ನೀರನ್ನು ಉಸಿರಾಡುತ್ತದೆ. ನಾವು ಕುಡಿದ ಕ್ಲೋರಿನ್ ಬಾಯಲ್ಲಿ, ಹೊಟ್ಟೆಯಲ್ಲಿ ಸಿಗುವ ಅನ್ನ ಸಾರಿನ ಜೊತೆ ಸೇರಿ ಮುಗಿದುಹೋಗುತ್ತದೆ. ಮೀನಿನ ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಕೂದಲೆಳೆಗಿಂತ ಎಷ್ಟೋ ತೆಳುವಾದ ಪೊರೆ. ಕ್ಲೋರಿನ್ ಆ ಪೊರೆಯನ್ನೇ ಸುಡುತ್ತದೆ. ಉರಿ ತಾಳಲಾರದೆ ಕಿವಿರು ಲೋಳೆ ಸುರಿಸುತ್ತದೆ. ಲೋಳೆ ಕಟ್ಟಿಕೊಂಡರೆ ನೀರಿನಲ್ಲಿ ಎಷ್ಟೇ ಗಾಳಿ ಇದ್ದರೂ ಒಳಗೆ ಹೋಗುವುದಿಲ್ಲ. ನಮ್ಮ ಮೀನುಗಳು ಬಾಯಿ ಬಿಡುತ್ತಿದ್ದದ್ದು ಇದಕ್ಕೆ. ನಾನು ಮತ್ತೆ ನಲ್ಲಿ ಬಿಟ್ಟು ಸುಡುವುದನ್ನೇ ಇನ್ನಷ್ಟು ಸುರಿದಿದ್ದೆ. ನಮಗೆ ಕನಿಷ್ಠ ಅಂತ ಇಟ್ಟ ಆ 0.2 ಮಿಲಿಗ್ರಾಂ ಇದೆಯಲ್ಲ, ಅದರ ಹತ್ತನೇ ಒಂದು ಪಾಲು ಕೂಡ ಎಷ್ಟೋ ಜಾತಿಯ ಮೀನಿಗೆ ನೋವು ಕೊಡಬಲ್ಲದು.

ಎರಡನೇ ತಪ್ಪು ಬ್ರಷ್ಷಿನದು. ಗೋಡೆಯ ಲೋಳೆಯನ್ನು ನಾನು ಕೊಳೆ ಅಂದುಕೊಂಡಿದ್ದೆ. ಅದು ಕೊಳದ ಜೀವ. ಮೀನು ಹಗಲೂ ರಾತ್ರಿ ಅಮೋನಿಯಾ ಹೊರಗೆ ಬಿಡುತ್ತಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಿವಿರಿನಿಂದಲೇ ಬರುತ್ತದೆ. ಅಮೋನಿಯಾ ಮೀನಿಗೆ ವಿಷ. ಗೋಡೆ, ಕಲ್ಲು, ಫಿಲ್ಟರಿನ ಸ್ಪಂಜಿಗೆ ಅಂಟಿದ ಲೋಳೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೇಡಲ್ಲ, ಗಿಡಕ್ಕಂತೂ ಗೊಬ್ಬರ. ಹೊಸ ಕೊಳದಲ್ಲಿ ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ, ಒಳ್ಳೆಯದು ಕೆಟ್ಟದ್ದು ಅನ್ನುವ ಭೇದ ಅದಕ್ಕಿಲ್ಲ. ನಾನು ಬ್ರಷ್ಷಿನಲ್ಲಿ ಅರ್ಧ ತೆಗೆದೆ, ಉಳಿದರ್ಧಕ್ಕೆ ನಲ್ಲಿ ನೀರು ಬಿಟ್ಟೆ. ಹಾಗಾಗಿ ಬದುಕಿದ ಐದು ಮೀನಿಗೂ ಮುಂದಿನ ಒಂದು ತಿಂಗಳು ಸುಖ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೊಡ ತೊಳೆದ ಹಾಗೆ ಕೊಳ ತೊಳೆಯಬೇಡಿ. ವಾರಕ್ಕೊಮ್ಮೆ ಆರರಲ್ಲಿ ಒಂದು ಪಾಲು ನೀರು ಬದಲಾಯಿಸಿದರೆ ಸಾಕು. ಸ್ಪಂಜು ಕಟ್ಟಿಕೊಂಡಿದ್ದರೆ ನಲ್ಲಿಯ ಕೆಳಗೆ ಹಿಡಿಯಬೇಡಿ. ಕೊಳದಿಂದ ತೆಗೆದ ನೀರಲ್ಲೇ ಹಿಂಡಿ ಮತ್ತೆ ಹಾಕಿ.

ಆರರಲ್ಲಿ ಒಂದು ಅನ್ನಬೇಕಾದರೆ ಒಟ್ಟು ಎಷ್ಟು ನೀರಿದೆ ಅಂತ ಗೊತ್ತಿರಬೇಕಲ್ಲ. ಕಾಗದ ಇದ್ದರೆ ಬರೆದುಕೊಳ್ಳಿ. ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮ ತೊಟ್ಟಿ ಆರು ನಾಲ್ಕಲೆ 24, ಅದರ ಎರಡರಷ್ಟು 48 ಘನ ಅಡಿ. ಸುಮಾರು 1,360 ಲೀಟರ್. ಅದರ ಆರನೇ ಒಂದು ಪಾಲು ಸುಮಾರು 225 ಲೀಟರ್. ವಾರಕ್ಕೆ 200 ಲೀಟರ್ ಬದಲಾಯಿಸಿದರೂ ಹೆಚ್ಚುಕಡಿಮೆ ಲೆಕ್ಕ ಸರಿಹೋಗುತ್ತದೆ. 200 ಲೀಟರ್ ಅಂದರೆ ಗುಜರಿಯಲ್ಲಿ ಸಿಗುವ ಒಂದು ನೀಲಿ ಡ್ರಮ್. ಮೊದಲು ಅದರಲ್ಲಿ ಏನು ತುಂಬಿದ್ದರು ಅಂತ ಕೇಳಿಕೊಂಡು ತೆಗೆದುಕೊಳ್ಳಿ. ರಾಸಾಯನಿಕದ ಡ್ರಮ್ ಬೇಡ, ತಿನ್ನುವ ಎಣ್ಣೆಯದೋ ಉಪ್ಪಿನಕಾಯಿಯದೋ ಆದರೆ ಚೆನ್ನಾಗಿ ತೊಳೆದು ಬಳಸಬಹುದು.

ಡ್ರಮ್ಮಿನ ಮೇಲ್ಭಾಗ ಕತ್ತರಿಸಿ ಬಾಯಿ ಅಗಲ ಮಾಡಿ. ನಲ್ಲಿ ನೀರು ತುಂಬಿ ಬಿಸಿಲು ಗಾಳಿ ಆಡುವ ಕಡೆ ಇಡಿ. ಕ್ಲೋರಿನ್ ತಾನಾಗಿಯೇ ಗಾಳಿಗೆ ಹೋಗುತ್ತದೆ, ಬಿಸಿಲಿಗೂ ಒಡೆಯುತ್ತದೆ. ಒಂದರಿಂದ ಎರಡು ದಿನ ಸಾಕು. ಕಿರಿದಾದ ಬಾಯಿಯ ಕ್ಯಾನಿನಲ್ಲಿ ಮುಚ್ಚಳ ಹಾಕಿಟ್ಟರೆ ಪ್ರಯೋಜನವಿಲ್ಲ. ಆಗಾಗ ಚೊಂಬಿನಲ್ಲಿ ಎತ್ತಿ ಎತ್ತಿ ಸುರಿದರೆ ಬೇಗ ಹೋಗುತ್ತದೆ. ಒಂದು ಎಚ್ಚರ: ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಿಗಿದು ಕಟ್ಟಿ. ಡೆಂಗಿ ತರುವ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು. ವಾರಗಟ್ಟಲೆ ಹಾಗೇ ಬಿಡಬೇಡಿ.

ಕಾಯುವಷ್ಟು ಸಮಯ ಇಲ್ಲದಾಗ ಏನು ಮಾಡುವುದು? ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಸಿಗುತ್ತದೆ. ನನಗೆ ಇದರ ಗುಟ್ಟು ಹೇಳಿದವರು ಒಬ್ಬ ಹಳೆ ಫೋಟೋ ಸ್ಟುಡಿಯೋದವರು. "ಅದು ನಮ್ಮ ಹೈಪೋನೇ ಕಣ್ರೀ" ಎಂದರು. ಕಪ್ಪು ಬಿಳುಪು ಫೋಟೋ ತೊಳೆಯುವಾಗ ಚಿತ್ರ ನಿಲ್ಲಲು ಬಳಸುತ್ತಿದ್ದ ಅದೇ ಹೈಪೋ. ಹೆಸರು ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಅಂತ 1819ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ಹರ್ಷೆಲ್. ನೋಡಲು ಕಲ್ಲುಸಕ್ಕರೆ ಪುಡಿ ಮಾಡಿದ ಹಾಗಿರುತ್ತದೆ. ಕ್ಲೋರಿನ್ ಕಂಡ ಕೂಡಲೇ ಅದನ್ನು ಹಿಡಿದು ಉಪ್ಪಿನಂಥ ನಿರಪಾಯದ ವಸ್ತುವಾಗಿ ಬದಲಾಯಿಸುತ್ತದೆ. ಕೆಲವೇ ನಿಮಿಷದ ಕೆಲಸ.

ನಾನು ಮಾಡುವ ಕ್ರಮ ಹೀಗಿದೆ. 100 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿಕೊಳ್ಳುತ್ತೇನೆ. ಬಣ್ಣದ ಬಾಟಲಿಯಲ್ಲಿ ತುಂಬಿ, ದೊಡ್ಡದಾಗಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ನೆರಳಲ್ಲಿ ಇಡುತ್ತೇನೆ. 200 ಲೀಟರ್ ಡ್ರಮ್ಮಿಗೆ ಇದರಲ್ಲಿ 20 ಮಿಲಿಲೀಟರ್. ಕಲಕಿ ಹತ್ತು ನಿಮಿಷ ಬಿಟ್ಟು ಕೊಳಕ್ಕೆ ಹಾಕಬಹುದು. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದ್ದರೂ ಇಷ್ಟು ಸಾಕಾಗುತ್ತದೆ. ಸ್ವಲ್ಪ ಜಾಸ್ತಿಯಾದರೆ ಮೀನಿಗೆ ತೊಂದರೆಯಿಲ್ಲ. ಹಾಗಂತ ಮುಷ್ಟಿಗಟ್ಟಲೆ ಸುರಿಯುವುದು ಬೇಡ. ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಕರಗಿಸಿಕೊಳ್ಳಿ, ಇಟ್ಟಷ್ಟೂ ಅದರ ಶಕ್ತಿ ಇಳಿಯುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಅಂಗಡಿಯಲ್ಲಿ ಸುಮ್ನೆ "ಹೈಪೋ ಕೊಡಿ" ಅಂದರೆ ಕೆಲವೊಮ್ಮೆ ಸೋಡಿಯಂ ಹೈಪೋಕ್ಲೋರೈಟ್ ಕೊಟ್ಟುಬಿಡಬಹುದು. ಹೆಸರು ಹತ್ತಿರ, ಗುಣ ತದ್ವಿರುದ್ಧ. ಹೈಪೋಕ್ಲೋರೈಟ್ ಅಂದರೆ ನೆಲ ಒರೆಸಲು, ಬಟ್ಟೆ ಬಿಳಿ ಮಾಡಲು ಬಳಸುವ ಕ್ಲೋರಿನ್ ದ್ರಾವಣ. ಅದನ್ನು ಕೊಳಕ್ಕೆ ಹಾಕಿದರೆ ಒಂದು ಮೀನೂ ಉಳಿಯುವುದಿಲ್ಲ. ಥಯೋಸಲ್ಫೇಟ್ ಅಂತ ಪೂರ್ತಿ ಹೆಸರು ಹೇಳಿ, ಚೀಟಿ ಓದಿ ತೆಗೆದುಕೊಳ್ಳಿ.

ಪೈಪ್ ಹಾಕಿ ಮರೆತು ಕೊಳ ಪೂರ್ತಿ ನಲ್ಲಿ ನೀರಾಗಿಬಿಟ್ಟರೆ? ಮೊದಲು ನಲ್ಲಿ ನಿಲ್ಲಿಸಿ. ಇಡೀ ಕೊಳದ ಲೆಕ್ಕಕ್ಕೆ ಥಯೋಸಲ್ಫೇಟ್ ಹಾಕಿ. ನಮ್ಮ ಕೊಳಕ್ಕಾದರೆ ಬಾಟಲಿಯಿಂದ 140 ಮಿಲಿಲೀಟರ್. ಆಮೇಲೆ ಕೊಳದ ನೀರನ್ನೇ ಮಗ್ಗಿನಲ್ಲಿ ಎತ್ತಿ ಸುರಿಯುತ್ತಿರಿ, ಪಂಪ್ ಇದ್ದರೆ ಹಾಕಿ. ಆ ದಿನ ಮೀನಿಗೆ ಊಟ ಬೇಡ. ಆ ಹಬ್ಬದ ರಾತ್ರಿ ನನ್ನ ಮನೆಯಲ್ಲಿ ಈ ಬಾಟಲಿ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಮನೆಯ ಸಂಪಿನ ನೀರು ದಿನಗಟ್ಟಲೆ ನಿಂತಿರುತ್ತದೆ, ಅದರಲ್ಲಿ ಕ್ಲೋರಿನ್ ಎಲ್ಲಿರುತ್ತದೆ ಅಂತ ಕೇಳುವವರಿದ್ದಾರೆ. ಸಂಪು ಮುಚ್ಚಿರುತ್ತದೆ, ಬಿಸಿಲಿಲ್ಲ, ಗಾಳಿಯಿಲ್ಲ. ಅಷ್ಟು ಬೇಗ ಹೋಗುವುದಿಲ್ಲ. ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ ವಾರವಂತೂ ಆ ನೀರನ್ನು ಕೊಳದ ಹತ್ತಿರ ತರಬೇಡಿ. ಮಳೆಗಾಲದಲ್ಲಿ ಹೊಳೆ ಕೆಂಪಾದಾಗಲೂ ಕ್ಲೋರಿನ್ ಹೆಚ್ಚು ಬೇಕಾಗುತ್ತದೆ. ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಕ್ಲೋರಿನ್ ನೋಡುವ ಕಿಟ್ ಅಗ್ಗಕ್ಕೇ ಸಿಗುತ್ತದೆ. ಕೊಳವೆಯಲ್ಲಿ ಸ್ವಲ್ಪ ನೀರು ಹಿಡಿದು ಅದರ ಹನಿ ಹಾಕಿದರೆ, ಕ್ಲೋರಿನ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ನೋಡಿದ ನೀರನ್ನು ಕೊಳಕ್ಕೆ ಹಾಕದೆ ಹೊರಗೆ ಚೆಲ್ಲಿ, ಕೈ ತೊಳೆದುಕೊಳ್ಳಿ.

ಬೋರ್‌ವೆಲ್ ನೀರಿರುವವರಿಗೆ ಕ್ಲೋರಿನ್ ಚಿಂತೆ ಇಲ್ಲ, ಬೇರೆ ಚಿಂತೆ ಇದೆ. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದಕ್ಕೂ ಒಂದು ದಿನ ಡ್ರಮ್ಮೇ ಮನೆ. ಮಳೆನೀರು ಒಳ್ಳೆಯದು, ಆದರೆ ಅದರಲ್ಲಿ ಲವಣವೇ ಇಲ್ಲ. ಮೊದಲ ಮಳೆ ಬಿಟ್ಟು, ಬೇರೆ ನೀರಿನ ಜೊತೆ ಬೆರೆಸಿ ಹಾಕಿ. ಬೇಸಿಗೆಯಲ್ಲಿ ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಅದನ್ನು ನೇರವಾಗಿ ಬಿಡಬೇಡಿ. ಆವಿಯಾದಷ್ಟು ನೀರು ಸೇರಿಸಿದರೆ ನೀರು ಬದಲಾಯಿಸಿದ ಹಾಗಾಗುವುದಿಲ್ಲ ಅನ್ನುವುದೂ ನೆನಪಿರಲಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಕೆಲವು ಊರುಗಳಲ್ಲಿ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಕ್ಲೋರಮೈನ್ ಮಾಡಿ ಕಳಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2004ರಿಂದ ಹೀಗಿದೆ. ಕ್ಲೋರಮೈನ್ ಎರಡು ದಿನ ಡ್ರಮ್ಮಿನಲ್ಲಿಟ್ಟರೂ ಹೋಗುವುದಿಲ್ಲ. ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಹೋಗಿ ಅಮೋನಿಯಾ ಉಳಿಯುತ್ತದೆ. ಎರಡನ್ನೂ ಹಿಡಿಯುವ ಔಷಧಿಯನ್ನೇ ಕೇಳಿ ತನ್ನಿ.

ಇನ್ನು ತೆಗೆದ ನೀರು. ಪೈಪಿನಿಂದ ತಳದ ಗಸಿಯನ್ನೇ ಎಳೆದು ತೆಗೆಯಿರಿ, ಮೀನಿನ ಹಿಕ್ಕೆ, ಉಳಿದ ಆಹಾರ ಕೂರುವುದು ಅಲ್ಲೇ. ಆ ನೀರನ್ನು ಚರಂಡಿಗೆ ಬಿಡಬೇಡಿ. ನಮ್ಮ ಬಾಳೆ, ಕರಿಬೇವು, ಮಲ್ಲಿಗೆ ಬಳ್ಳಿ ಮೂರೂ ವಾರಕ್ಕೊಮ್ಮೆ ಅದನ್ನೇ ಕುಡಿಯುತ್ತವೆ. ಮಲ್ಲಿಗೆ ಬಿಡುವ ಕಾಲದಲ್ಲಿ ಬಂದು ನೋಡಬೇಕು ನೀವು.

ಕೊಳದಲ್ಲಿ ಈಗ 11 ಮೀನುಗಳಿವೆ. ಅವುಗಳಲ್ಲಿ ಮೂರು, ಆ ರಾತ್ರಿ ಉಳಿದ ಐದರಲ್ಲಿ ಸೇರಿದವು. ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆಯೇ ಅಮ್ಮ ನೆನಪಿಸುತ್ತಾರೆ, "ಡ್ರಮ್ಮು ತುಂಬಿಟ್ಟೆಯಾ?" ಹಬ್ಬದ ಸಂಜೆ ಹಂಡೆಗೆ ನಲ್ಲಿಯಿಂದ ಹೊಸ ನೀರು ತುಂಬುತ್ತೇವೆ. ಕೊಳಕ್ಕೆ ಡ್ರಮ್ಮಿನ ನೀರು, ಒಂದೊಂದೇ ಬಿಂದಿಗೆ, ನಿಧಾನವಾಗಿ. ಆಮೇಲೆ ಅಮ್ಮ ಕಟ್ಟೆಯ ಮೇಲೆ ಹಣತೆ ಇಡುತ್ತಾರೆ. ಬೆಳಕಿಗೆ ಮೀನುಗಳು ಮೇಲೆ ಬರುತ್ತವೆ, ಒಮ್ಮೆ ಸುತ್ತುತ್ತವೆ, ಮತ್ತೆ ಕೆಳಗೆ ಹೋಗುತ್ತವೆ.

ನಮಸ್ಕಾರ.