ಗಂಟು ಬೆಳೆದದ್ದು ಧೈರ್ಯ ಸಾಲದ್ದಕ್ಕಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಗಂಟಿಗೆ ಕೊಡುವ ವಿಕಿರಣ ಚಿಕಿತ್ಸೆಯ ಸರತಿಗಾಗಿ ಕಾದು ಕುಳಿತಿದ್ದ ಹಾನಗಲ್ ಕಡೆಯ ತಾಯಿಯೊಬ್ಬರು, ಮಡಿಲಲ್ಲಿದ್ದ ಫೈಲಿನ ದಾರವನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ, ನನ್ನನ್ನು ಕೇಳಿದರು: “ನಾ ಧೈರ್ಯಾ ಬಿಟ್ಟದ್ದಕ್ಕ ಗಂಟು ತಿರುಗಿ ಬಂತು ಅಂತಾರ್ರಿ ನಮ್ಮತ್ತಿ. ಖರೇ ಏನ್ರಿ?” ಖಂಡಿತ ಅಲ್ಲವೆಂದೆ. ಹಾಗೆ ಹೇಳಲು ಇರುವ ಆಧಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮನಸ್ಸಿಗೆ ಆಸರೆ ಸಿಕ್ಕರೆ ಆಯುಸ್ಸೂ ಬೆಳೆಯುತ್ತದೆಂಬ ನಂಬಿಕೆಗೆ ವೈದ್ಯಲೋಕದಲ್ಲಿ ದೊಡ್ಡ ಬಲ ಬಂದದ್ದು 1989ರಲ್ಲಿ. ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿದ್ದ 86 ಮಹಿಳೆಯರನ್ನು ಅಧ್ಯಯನ ಮಾಡಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕುಳಿತು ಭಯ, ದುಃಖಗಳನ್ನು ಹೇಳಿಕೊಂಡವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದರೆಂದು ವರದಿ ಮಾಡಿದರು. ಆದರೆ 2001ರಲ್ಲಿ ಪ್ರಕಟವಾದ, 235 ಮಹಿಳೆಯರನ್ನೊಳಗೊಂಡ ಕೆನಡಾದ ಇಂಥದೇ ಅಧ್ಯಯನದಲ್ಲಿ ಆಯುಸ್ಸಿನ ಅಂತರ ಕಾಣಲಿಲ್ಲ. 2007ರಲ್ಲಿ ಸ್ಪೀಗಲ್ ಅವರದೇ ಮರುಪ್ರಯೋಗದಲ್ಲೂ ಒಟ್ಟಾರೆ ಹಳೆಯ ಫಲ ಮರಳಲಿಲ್ಲ. ಅದನ್ನು ಅವರೇ ಪ್ರಕಟಿಸಿದ್ದು ನನ್ನ ಕಣ್ಣಿಗೆ ಬಹಳ ದೊಡ್ಡ ಸಂಗತಿ.

ಹಾಗೆಂದು ಸಾಂತ್ವನ ವ್ಯರ್ಥವೇನಲ್ಲ. ಅದೇ ಕೆನಡಾದ ಅಧ್ಯಯನದಲ್ಲಿ ಗುಂಪಿಗೆ ಸೇರಿದವರ, ವಿಶೇಷವಾಗಿ ಮೊದಲೇ ಬಹಳ ಕುಗ್ಗಿದ್ದವರ, ಸಂಕಟವೂ ನೋವೂ ತಗ್ಗಿದ್ದವು. ವಾರಕ್ಕೆ 5 ದಿನದಂತೆ ಹಲವು ವಾರ ಬೆಳಗಿನ ಬಸ್ಸು ಹಿಡಿದು ವಿಕಿರಣಕ್ಕೆ ಬರುವವರನ್ನು ಖಿನ್ನತೆ ಹಿಡಿದರೆ, ಮೊದಲು ತಪ್ಪುವುದು ಆ ಬಸ್ಸು. ಚಿಕಿತ್ಸೆ ನಡುವೆ ನಿಂತರೆ ಗುಣವಾಗುವ ಸಾಧ್ಯತೆಯೂ ಕುಗ್ಗುತ್ತದೆ.

ಆ ತಾಯಿಗೆ ಮರುದಿನ ಅತ್ತೆಯವರನ್ನೂ ಕರೆತರಲು ಹೇಳಿ, ಇಬ್ಬರನ್ನೂ ಕೂಡಿಸಿಕೊಂಡು ಇಷ್ಟನ್ನು ವಿವರಿಸಿದೆ. ಅವರ ಮನೆಯಲ್ಲಿ ರೋಗಿಯ ತಾಟು, ತಂಬಿಗೆ ಬೇರೆಯಾಗಿದ್ದವೆಂಬುದು ಆಗ ತಿಳಿಯಿತು. ಕ್ಯಾನ್ಸರ್ ಮುಟ್ಟಿದರೆ ಹರಡುವುದಿಲ್ಲ, ಜೊತೆಗೆ ಕುಳಿತು ರೊಟ್ಟಿ ತಿಂದರೂ ಹರಡುವುದಿಲ್ಲ. ದಯವಿಟ್ಟು ತಾಟು ಬೇರೆ ಮಾಡಬೇಡಿ. “ಅಳಬ್ಯಾಡ, ಧೈರ್ಯಾ ತಗೋ” ಎಂದು ಬಾಯಿ ಮುಚ್ಚಿಸದೆ, ಅವರು ಅತ್ತು ಮುಗಿಸುವವರೆಗೆ ಪಕ್ಕದಲ್ಲಿರಿ.

ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಅದನ್ನು ಕ್ಯಾನ್ಸರ್ ವೈದ್ಯರಿಗೇ ತಿಳಿಸಿ. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮನೋವೈದ್ಯರ ನೆರವಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ, ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಮಸ್ಕಾರ.