ಗಾಳಿ ಬಂದಾಗ ಕಣದಲ್ಲಿ ಏನಿತ್ತು?

ಕೇಳುಗರಿಗೆ ನಮಸ್ಕಾರ.

ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು. ಅದಕ್ಕೂ ಮುಂಚೆ ಬಾಸ್ಕೆಟ್‌ಬಾಲ್ ಆಡಿದವನು. ಹಾಗಾಗಿ ಒಂದು ಪ್ರಶ್ನೆ ನನ್ನ ಹತ್ತಿರ ಆಗಾಗ ಬರುತ್ತದೆ. ಅಮೆರಿಕದಲ್ಲಿ ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಗೆದ್ದರೆ ಆ ವಿಶ್ವವಿದ್ಯಾಲಯಕ್ಕೆ ದುಡ್ಡು ಬರುತ್ತದೆಯೇ? ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ಯೋಚನೆಯಲ್ಲಿರುವ ತಂದೆತಾಯಿ ಕೇಳುತ್ತಾರೆ. ನಮ್ಮ ಕಾಲೇಜುಗಳ ಆಡಳಿತ ಮಂಡಳಿಯವರೂ ಕೇಳುತ್ತಾರೆ. ಇವತ್ತು ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಂತೆ ಮಾತಾಡುತ್ತೇನೆ.

ಉತ್ತರ ನಮ್ಮ ಗಾದೆಯಲ್ಲೇ ಇದೆ. ಗಾಳಿ ಬಂದಾಗ ತೂರಿಕೋ. ಗೆಲುವು ಅಂದರೆ ಗಾಳಿ, ಅಷ್ಟೇ. ಕಣದಲ್ಲಿ ರಾಶಿ ಇದ್ದರೆ, ಮೊರ ಕೈಯಲ್ಲಿದ್ದರೆ, ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಕಣ ಖಾಲಿ ಇದ್ದರೆ ಧೂಳು ಏಳುತ್ತದೆ. ನಾನು ಇವತ್ತು ಹೇಳುವುದು ಇದೊಂದೇ ಮಾತು.

ಮೊದಲು ಗಾಳಿ ಎಷ್ಟು ಜೋರು ಅಂತ ನೋಡೋಣ. ಅಮೆರಿಕದಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಕಾಲೇಜುಗಳ ದೊಡ್ಡ ಟೂರ್ನಿ ನಡೆಯುತ್ತದೆ. ಎನ್‌ಸಿಎಎ ಎನ್ನುವ ಸಂಸ್ಥೆ ನಡೆಸುತ್ತದೆ. 68 ತಂಡ. ಸೋತರೆ ಮನೆಗೆ. ಇದರ ಟಿವಿ ಹಕ್ಕನ್ನು 2010 ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಿದರು. ರೂಪಾಯಿ ಅಲ್ಲ, ಡಾಲರ್. 2016 ರಲ್ಲಿ ಅದೇ ಒಪ್ಪಂದವನ್ನು 2032 ರವರೆಗೆ ಎಳೆದರು, ಇನ್ನೂ 880 ಕೋಟಿ ಡಾಲರ್ ಸೇರಿಸಿ.

ಇಷ್ಟು ದುಡ್ಡು ಕೇಳಿದ ತಕ್ಷಣ ಎಲ್ಲರೂ ಅಂದುಕೊಳ್ಳುವುದು ಒಂದೇ. ಗೆದ್ದ ಕಾಲೇಜು ಮೂಟೆ ಕಟ್ಟಿಕೊಂಡು ಮನೆಗೆ ಹೋಗುತ್ತದೆ ಅಂತ. ಹೋಗುವುದಿಲ್ಲ. ಲೆಕ್ಕ ಹೇಳುತ್ತೇನೆ, ಪೆನ್ಸಿಲ್ ಇದ್ದರೆ ತಗೊಳ್ಳಿ.

ಟೂರ್ನಿಯಲ್ಲಿ ಒಂದು ಪಂದ್ಯ ಆಡಿದರೆ ಒಂದು ಯೂನಿಟ್, ಅಂದರೆ ಟೂರ್ನಿಯ ದುಡ್ಡಿನಲ್ಲಿ ಒಂದು ಪಾಲು. ಫೈನಲ್‌ಗೆ ಮಾತ್ರ ಇಲ್ಲ. ಒಂದು ಯೂನಿಟ್ ಅಂದರೆ ಈಗ ಸುಮಾರು 20 ಲಕ್ಷ ಡಾಲರ್, ಅದೂ ಆರು ವರ್ಷದ ಕಂತಿನಲ್ಲಿ. ಒಂದು ಸಣ್ಣ ಕಾಲೇಜು ಮೂರು ಪಂದ್ಯ ಗೆದ್ದು ನಾಲ್ಕನೆಯದರಲ್ಲಿ ಸೋತಿತು ಅಂತ ಇಟ್ಟುಕೊಳ್ಳಿ. ನಾಲ್ಕು ಯೂನಿಟ್, 80 ಲಕ್ಷ ಡಾಲರ್. ಆದರೆ ಈ ದುಡ್ಡು ಕಾಲೇಜಿಗೆ ಬರುವುದಿಲ್ಲ. ಅದು ಇರುವ ಕಾನ್ಫರೆನ್ಸಿಗೆ, ಅಂದರೆ ಕಾಲೇಜುಗಳ ಕೂಟಕ್ಕೆ ಹೋಗುತ್ತದೆ. ಬಹಳ ಕಡೆ ಅಲ್ಲಿ ಎಲ್ಲರಿಗೂ ಸಮನಾಗಿ ಬಡಿಸುತ್ತಾರೆ. ಕೂಟದಲ್ಲಿ ಹತ್ತು ಕಾಲೇಜು ಇದ್ದರೆ ಒಬ್ಬೊಬ್ಬರಿಗೆ 8 ಲಕ್ಷ. ಆರು ವರ್ಷಕ್ಕೆ! ವರ್ಷಕ್ಕೆ ಒಂದು ಲಕ್ಷದ ಮೂವತ್ತು ಸಾವಿರ ಡಾಲರ್ ಚಿಲ್ಲರೆ. ಅಲ್ಲಿನ ದೊಡ್ಡ ಕೂಟಗಳಲ್ಲಿ ಕೋಚ್ ಒಬ್ಬರ ಸಂಬಳವೇ ವರ್ಷಕ್ಕೆ 30, 40 ಲಕ್ಷ ಡಾಲರ್ ಇರುತ್ತದೆ. ವರ್ಷಕ್ಕೆ ಬರುವ ಈ ಪಾಲಿನಲ್ಲಿ ಅಂಥ ಕೋಚ್‌ಗೆ ಒಂದು ತಿಂಗಳ ಸಂಬಳವೂ ಪೂರ್ತಿ ಆಗುವುದಿಲ್ಲ.

ಹಾಗಾದರೆ ಗೆದ್ದು ಉಪಯೋಗ ಏನು? ಇದೆ, ತುಂಬಾ ಇದೆ. ಅದಕ್ಕೆ ನಾನು ನಿಮ್ಮನ್ನು ಸ್ಪೋಕೇನ್ ಎನ್ನುವ ಊರಿಗೆ ಕರೆದುಕೊಂಡು ಹೋಗಬೇಕು.

ಸ್ಪೋಕೇನ್ ಇರುವುದು ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿ. ಸಿಯಾಟಲ್‌ನಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ ದಾರಿ. ಅಲ್ಲಿ ಒಂದು ಜೆಸ್ವಿಟ್ ಪಾದ್ರಿಗಳ ವಿಶ್ವವಿದ್ಯಾಲಯ ಇದೆ, 1887 ರಲ್ಲಿ ಶುರುವಾದದ್ದು. ಹೆಸರು ಗೊಂಝಾಗ. ಮಂಗಳೂರಿನ ಕೇಳುಗರಿಗೆ ಈ ಹೆಸರು ಹೊಸದಲ್ಲ. ಅಲೋಶಿಯಸ್ ಗೊಂಝಾಗ ಎಂಬ ಸಂತರ ಹೆಸರು ಅದು. 1591 ರಲ್ಲಿ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 23 ವರ್ಷಕ್ಕೇ ತೀರಿಕೊಂಡವರು. ಅದೇ ಜೆಸ್ವಿಟರು 1880 ರಲ್ಲಿ ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಕಟ್ಟಿದರು. ಒಬ್ಬರೇ ಸಂತರು. ಇಲ್ಲಿ ಮೊದಲ ಹೆಸರು, ಅಲ್ಲಿ ಮನೆತನದ ಹೆಸರು. ನನಗೆ ಇದು ಗೊತ್ತಾದ ದಿನದಿಂದ ಗೊಂಝಾಗ ಅಂದರೆ ನಮ್ಮದೇ ಕಾಲೇಜು ಅನ್ನಿಸುತ್ತದೆ.

1998 ರಲ್ಲಿ ಈ ಕಾಲೇಜಿನ ಸ್ಥಿತಿ ಚೆನ್ನಾಗಿರಲಿಲ್ಲ. ಮೊದಲ ವರ್ಷಕ್ಕೆ ಸೇರಿದ ಮಕ್ಕಳು 600 ಕ್ಕೂ ಕಡಿಮೆ. ಅಲ್ಲಿ ಖಾಸಗಿ ಕಾಲೇಜು ಬದುಕುವುದೇ ಫೀಸಿನಿಂದ. ಸೀಟು ಖಾಲಿ ಉಳಿದರೆ ಸಂಬಳಕ್ಕೇ ತತ್ವಾರ. ಬಾಸ್ಕೆಟ್‌ಬಾಲ್‌ನಲ್ಲೂ ದೊಡ್ಡ ಹೆಸರೇನಿಲ್ಲ. ಜಾನ್ ಸ್ಟಾಕ್‌ಟನ್ ಅಂತ ಅದೇ ಊರಿನ ಹುಡುಗ ಅಲ್ಲಿ ಆಡಿ, ಮುಂದೆ ಎನ್‌ಬಿಎಯಲ್ಲಿ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ, ಅತಿ ಹೆಚ್ಚು ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಡುವ ಪಾಸ್) ಕೊಟ್ಟವನು ಅನ್ನಿಸಿಕೊಂಡ. ಹೇಳಿಕೊಳ್ಳಲು ಅದೊಂದೇ ಇತ್ತು.

1999 ರ ಮಾರ್ಚ್‌ನಲ್ಲಿ ಈ ಹುಡುಗರು ಟೂರ್ನಿಗೆ ಬಂದರು. ಮೊದಲು ಮಿನೆಸೋಟವನ್ನು ಸೋಲಿಸಿದರು. ಆಮೇಲೆ ಸ್ಟ್ಯಾನ್‌ಫರ್ಡ್ ಅನ್ನು. ಮೂರನೆಯದು ಫ್ಲಾರಿಡಾ. ಈ ಪಂದ್ಯದ ಕೊನೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗೊಂಝಾಗ ಒಂದು ಪಾಯಿಂಟ್ ಹಿಂದೆ ಇದೆ. ಕೆಲವೇ ಸೆಕೆಂಡು ಉಳಿದಿವೆ. ಕ್ವೆಂಟಿನ್ ಹಾಲ್ ಎಂಬ ಕುಳ್ಳ ಹುಡುಗ ಮಧ್ಯೆ ನುಗ್ಗಿ ಚೆಂಡು ಎಸೆಯುತ್ತಾನೆ. ಬೀಳುವುದಿಲ್ಲ. ರಿಂಗಿನ ಸುತ್ತ ಮೂರ್ನಾಲ್ಕು ಕೈ ಮೇಲಕ್ಕೆ ಏಳುತ್ತವೆ. ಅವುಗಳ ನಡುವೆ ಒಂದು ಕೈ ಚೆಂಡನ್ನು ಹಿಡಿಯಲೂ ಹೋಗದೆ, ಬೆರಳ ತುದಿಯಲ್ಲಿ ಸುಮ್ನೆ ತಟ್ಟುತ್ತದೆ. ಕೇಸಿ ಕ್ಯಾಲ್ವರಿಯ ಕೈ. ಚೆಂಡು ಒಳಗೆ. 73, 72. ಆಟ ಆಡಿದವರಿಗೆ ಗೊತ್ತು, ಆ ತಟ್ಟುವಿಕೆ ಎಷ್ಟು ಕಷ್ಟ ಅಂತ. ಹಿಡಿದು ಎಸೆಯಲು ಹೋಗಿದ್ದರೆ ಫ್ಲಾರಿಡಾದವರು ತಡೆದುಬಿಡುತ್ತಿದ್ದರು.

ಮುಂದಿನ ಪಂದ್ಯದಲ್ಲಿ ಕನೆಕ್ಟಿಕಟ್ ಎದುರು 67, 62 ರಿಂದ ಸೋತರು. ಆ ವರ್ಷ ಕಪ್ ಗೆದ್ದದ್ದು ಅದೇ ಕನೆಕ್ಟಿಕಟ್. ಸೋತರೂ ಇಡೀ ದೇಶ ಆ ಎರಡು ವಾರ ಗೊಂಝಾಗ ಗೊಂಝಾಗ ಅಂತ ಹೇಳಿತು. ಹೆಸರನ್ನು ಸರಿಯಾಗಿ ಹೇಳಲು ಬರದವರೂ ಹೇಳಿದರು.

ಇಲ್ಲಿವರೆಗೆ ಬಂದದ್ದು ಗಾಳಿ. ಬರೀ ಗಾಳಿ. ಇನ್ನು ಕಣದ ಕಡೆ ನೋಡಿ.

ಆ ಬೇಸಿಗೆಯಲ್ಲೇ ಅವರ ಕೋಚ್ ಡ್ಯಾನ್ ಮಾನ್‌ಸನ್ ಬಿಟ್ಟು ಹೋದರು. ಹೋದದ್ದು ಎಲ್ಲಿಗೆ ಗೊತ್ತಾ? ಇವರೇ ಮೊದಲ ಪಂದ್ಯದಲ್ಲಿ ಸೋಲಿಸಿದ ಮಿನೆಸೋಟಕ್ಕೆ! ಬೇರೆ ಕಾಲೇಜಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಗೊಂಝಾಗ ಹೊರಗಿನಿಂದ ದೊಡ್ಡ ಹೆಸರು ತರಲಿಲ್ಲ. ಹತ್ತು ವರ್ಷದಿಂದ ಅಲ್ಲೇ ಸಹಾಯಕರಾಗಿದ್ದ ಮಾರ್ಕ್ ಫ್ಯೂ ಅವರನ್ನೇ ಕೂರಿಸಿದರು. ಆಮೇಲಿನ ಒಂದು ವರ್ಷವೂ ಆ ತಂಡ ಮಾರ್ಚ್ ಟೂರ್ನಿಗೆ ಅರ್ಹತೆ ಕಳೆದುಕೊಂಡಿಲ್ಲ. 2017 ರಲ್ಲಿ ಫೈನಲ್, 2021 ರಲ್ಲಿ ಮತ್ತೆ ಫೈನಲ್. ಎರಡೂ ಸೋತರು. ಕಪ್ ಇವತ್ತಿಗೂ ಇಲ್ಲ, ಗಮನಿಸಿ!

ಇನ್ನೊಂದು ಕಡೆ, 1998 ರಲ್ಲಿ ಅಧ್ಯಕ್ಷರಾಗಿ ಬಂದಿದ್ದ ಫಾದರ್ ರಾಬರ್ಟ್ ಸ್ಪಿಟ್ಜರ್ 2009 ರವರೆಗೆ ಇದ್ದರು. ಆ ವರ್ಷಗಳಲ್ಲಿ ಹಾಸ್ಟೆಲ್ ಎದ್ದಿತು, ತರಗತಿಗಳು ಎದ್ದವು. 2004 ರಲ್ಲಿ 6,000 ಜನ ಕೂರುವ ಹೊಸ ಬಾಸ್ಕೆಟ್‌ಬಾಲ್ ಅಂಗಣವೂ ಬಂತು. ಮೊದಲ ವರ್ಷದ ಮಕ್ಕಳು 2001 ರ ಹೊತ್ತಿಗೆ 900 ದಾಟಿದರು. ಮುಂದೆ ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ ಏಳು ಸಾವಿರ ಮೀರಿತು.

ಈಗ ಮತ್ತೆ ಪೆನ್ಸಿಲ್ ತಗೊಳ್ಳಿ. 300 ಮಕ್ಕಳು ಜಾಸ್ತಿ ಸೇರಿದರು ಅನ್ನಿ. ರಿಯಾಯಿತಿ ಎಲ್ಲಾ ಕಳೆದು ಒಬ್ಬೊಬ್ಬರು ವರ್ಷಕ್ಕೆ 20,000 ಡಾಲರ್ ಕೊಟ್ಟರು ಅನ್ನಿ. ವರ್ಷಕ್ಕೆ 60 ಲಕ್ಷ. ಒಂದು ಬ್ಯಾಚ್ ನಾಲ್ಕು ವರ್ಷ ಓದುತ್ತದೆ, 2 ಕೋಟಿ 40 ಲಕ್ಷ ಡಾಲರ್. ಮೊದಲು ಹಾಕಿದ ಲೆಕ್ಕದಲ್ಲಿ ಟೂರ್ನಿಯ ಪಾಲು ಎಷ್ಟಿತ್ತು? ಆರು ವರ್ಷಕ್ಕೆ 8 ಲಕ್ಷ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ದುಡ್ಡು ಬಂದದ್ದು ಅಂಗಣದಿಂದ ಅಲ್ಲ, ಅಡ್ಮಿಷನ್ ಆಫೀಸಿನಿಂದ. ಗಾಳಿ ಬಂದಾಗ ಕಣದಲ್ಲಿ ರಾಶಿ ಇತ್ತು.

ನನ್ನ ಮಗಳು ಸಿಯಾಟಲ್‌ನಲ್ಲಿದ್ದಾಳೆ. ಒಂದು ಚಳಿಗಾಲ ಅವಳ ಜೊತೆ ಸ್ಪೋಕೇನ್‌ಗೆ ಹೋಗಿದ್ದೆ. ಹುಲ್ಲಿನ ಮೇಲೆ ಹಿಮ. ಅದರ ಮೇಲೆ ಸಾಲು ಸಾಲು ಗುಡಾರ. ದೊಡ್ಡ ಪಂದ್ಯ ಇದ್ದರೆ ಒಳ್ಳೆ ಜಾಗಕ್ಕಾಗಿ ವಿದ್ಯಾರ್ಥಿಗಳು ರಾತ್ರಿ ಅಲ್ಲೇ ಮಲಗುತ್ತಾರೆ. ಒಂದು ಗುಡಾರದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಬ್ಬ ಹುಡುಗಿ ಟೋಪಿ, ಕೈಗವಸು ಹಾಕಿಕೊಂಡು ಕೆಮಿಸ್ಟ್ರಿ ಲೆಕ್ಕ ಬಿಡಿಸುತ್ತಿದ್ದಳು. ಬಲಗೈಯ ಎರಡು ಬೆರಳಿನ ಗವಸು ಮಾತ್ರ ಕತ್ತರಿಸಿತ್ತು, ಪೆನ್ನು ಹಿಡಿಯಲು. ಇಲ್ಲಿಗೆ ಯಾಕೆ ಬಂದೆಯಮ್ಮಾ ಅಂತ ಕೇಳಿದೆ. ಮೊದಲು ಟಿವಿಯಲ್ಲಿ ನೋಡಿದೆ, ಆಮೇಲೆ ಬಂದು ನೋಡಿದೆ, ಇಷ್ಟವಾಯಿತು ಅಂದಳು. ಬಂದು ನೋಡಿದಾಗ ತೋರಿಸಲು ಏನಾದರೂ ಇತ್ತಲ್ಲ, ನನಗೆ ಬೇಕಾದ ಉತ್ತರ ಅದೇ.

ನಾನು ಮೊದಲು ಕೆಲಸ ಮಾಡಿದ ಒಂದು ಕಾಲೇಜಿನ ನೆನಪು ಆಗ ಬಂತು, ಬೇಜಾರೂ ಆಯಿತು. ಒಂದು ವರ್ಷ ನಮ್ಮ ಹುಡುಗಿಯರು ಅಂತರ ಕಾಲೇಜು ಕಪ್ ಗೆದ್ದರು. ಪೇಪರಿನಲ್ಲಿ ಫೋಟೋ ಬಂತು. ಜೂನ್‌ನಲ್ಲಿ ಅಕ್ಕಪಕ್ಕದ ತಾಲೂಕುಗಳಿಂದ ತಂದೆಯರು ಮಗಳನ್ನು ಕರೆದುಕೊಂಡು ಬಂದರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಮಂಚ ಖಾಲಿ ಇರಲಿಲ್ಲ. ಬಂದವರೆಲ್ಲ ಸಂಜೆ ಬಸ್ಸಿಗೆ ವಾಪಸ್ ಹೋದರು. ಕಪ್ ಮಾತ್ರ ಪ್ರಿನ್ಸಿಪಾಲರ ರೂಮಿನ ಗಾಜಿನ ಬೀರುವಿನಲ್ಲಿ ಉಳಿಯಿತು.

ಸ್ಪೋಕೇನ್‌ನಲ್ಲೇ ಸಮಯ ಬಹಳ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

2006 ರಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಕೊನೆಯ ನಾಲ್ಕರ ಘಟ್ಟಕ್ಕೆ ಬಂತು. ಆ ಪ್ರಚಾರದ ಬೆಲೆ 67 ಕೋಟಿ ಡಾಲರ್‌ಗೂ ಹೆಚ್ಚು ಅಂತ ಅಲ್ಲಿನ ಅಧ್ಯಾಪಕರೇ ಲೆಕ್ಕ ಹಾಕಿದರು. ದಯವಿಟ್ಟು ಇಂಥ ಅಂಕಿಗೆ ಮರುಳಾಗಬೇಡಿ. ಅಷ್ಟೇ ಹೊತ್ತಿನ ಜಾಹೀರಾತು ಕೊಂಡಿದ್ದರೆ ಎಷ್ಟಾಗುತ್ತಿತ್ತು ಎನ್ನುವ ಲೆಕ್ಕ ಅದು. ಆ ದುಡ್ಡನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ಅದು ಗಾಳಿಯ ವೇಗ, ಕಾಳಿನ ತೂಕ ಅಲ್ಲ.

ಅರ್ಜಿಗಳು ಜಾಸ್ತಿಯಾಗುವುದು ಮಾತ್ರ ನಿಜ. ಡೆವಿನ್ ಪೋಪ್, ಜಾರೆನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು 2009 ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಬಾಸ್ಕೆಟ್‌ಬಾಲ್‌ನಲ್ಲಿ ಕೊನೆಯ ಹದಿನಾರರೊಳಗೆ ಬಂದ ಕಾಲೇಜುಗಳಿಗೆ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮೊದಲ ಇಪ್ಪತ್ತರಲ್ಲಿ ಇದ್ದವಕ್ಕೆ, ಅರ್ಜಿ ಶೇಕಡಾ 2 ರಿಂದ 8 ಹೆಚ್ಚಾಯಿತು ಅಂತ. ಅರ್ಜಿ ಬಂತು, ಸರಿ. ಸೇರಿಸಿಕೊಳ್ಳಲು ಮಂಚ ಇತ್ತೇ, ಮೇಷ್ಟ್ರು ಇದ್ದರೇ? ಮತ್ತೆ ಕಣದ ಮಾತೇ ಬಂತು, ಅಲ್ವಾ?

ಗಾಳಿ ನಿಲ್ಲುವುದೂ ಬೇಗ. 2022 ರಲ್ಲಿ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಸಣ್ಣ ಕಾಲೇಜು ಕೆಂಟಕಿಯಂಥ ದೊಡ್ಡ ತಂಡವನ್ನೇ ಸೋಲಿಸಿ ಕೊನೆಯ ಎಂಟಕ್ಕೆ ಬಂತು. ಟೂರ್ನಿ ಮುಗಿದ ಕೆಲವೇ ದಿನಕ್ಕೆ ಕೋಚ್ ಬೇರೆ ಕಾಲೇಜಿಗೆ ಹೋದರು. ಮುಖ್ಯ ಆಟಗಾರರೂ ಒಬ್ಬೊಬ್ಬರಾಗಿ ಹೊರಟರು. ಆಟಗಾರರು ಕಾಲೇಜು ಬದಲಿಸುವುದು ಅಲ್ಲಿ ಈಗ ಬಹಳ ಸುಲಭ. ಮೇಲಾಗಿ 2025 ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಹಾಕಿದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆಡುವ ಹುಡುಗರಿಗೆ ಅವರ ಪಾಲು ಸಿಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೆಲ್ಲುವ ಖರ್ಚು ಏರಿತು ಅನ್ನುವುದನ್ನು ಆಡಳಿತ ಮಂಡಳಿಯವರು ಬರೆದಿಟ್ಟುಕೊಳ್ಳಿ.

ತಂದೆತಾಯಿಗಳಿಗೆ ಒಂದು ಮಾತು. ಅಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಆಟದ ವಿಭಾಗ ಗಳಿಸುವುದಕ್ಕಿಂತ ಖರ್ಚು ಮಾಡುವುದೇ ಜಾಸ್ತಿ. ಕಡಿಮೆ ಬಿದ್ದದ್ದನ್ನು ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಫೀಸಿನಿಂದ ತುಂಬಿಸುತ್ತವೆ. ಅಂಗಣಕ್ಕೆ ಒಂದು ದಿನವೂ ಕಾಲಿಡದ ನಿಮ್ಮ ಮಗಳೂ ಕೊಡುತ್ತಾಳೆ. ಅರ್ಜಿ ಹಾಕುವ ಮೊದಲು ಫೀಸಿನ ಪೂರ್ತಿ ಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ಅಥ್ಲೆಟಿಕ್ ಫೀ ಎನ್ನುವ ಸಾಲು ಇದೆಯೇ ನೋಡಿ. ಕೆಲವು ಕಡೆ ಅದು ಬೇರೆ ಹೆಸರಿನ ಒಳಗೆ ಸೇರಿಕೊಂಡಿರುತ್ತದೆ, ಬಿಡಿಸಿ ಹೇಳಿ ಅಂತ ಇಮೇಲ್ ಹಾಕಿ. ಜೊತೆಗೆ ಹಾಸ್ಟೆಲಿನಲ್ಲಿ ಮೊದಲ ವರ್ಷ ಜಾಗ ಗ್ಯಾರಂಟಿ ಉಂಟೇ ಅಂತಲೂ ಅದೇ ಇಮೇಲಿನಲ್ಲಿ ಕೇಳಿ.

ನಮಸ್ಕಾರ.